ಅನ್ನವಸ್ತ್ರವೂ ಕಾಯಕವೂ: ಅಂಧರ ವೃತ್ತಿಜೀವನದಲ್ಲಿ ಗದುಗಿನ ಪುಣ್ಯಾಶ್ರಮದ ಸ್ಥಾನ

ಶರಣಧರ್ಮದಲ್ಲಿ ಕಾಯಕಕ್ಕೆ ಇರುವ ಹಿರಿಮೆಯನ್ನು ಶ್ರೀಮಠದ ಸದ್ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗುರುವಾಗಲಿ ಜಂಗಮನಾಗಲಿ ಕಾಯಕದಿಂದ ಬಿಡುಗಡೆ ಹೊಂದಿದವನಲ್ಲವೆಂಬ ನಿಯಮವನ್ನು ಕಲ್ಯಾಣದ ಶರಣರು ಬರಿಯ ಮಾತಿನಲ್ಲಿ ಇಡದೆ ನಡೆದು ತೋರಿಸಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಅಕ್ಕಿಯನ್ನು ಆಯ್ದು ತರುವ ಮಾರಯ್ಯನೂ ಮಂತ್ರಿಪದವಿಯ ಬಸವಣ್ಣನವರಿಗೆ ಸರಿಸಮಾನರಾಗಿ ಕುಳಿತರು. ಆದರೆ ಈ ನಿಯಮದೊಳಗೆ ಕಠಿಣವಾದ ಪ್ರಶ್ನೆಯೊಂದು ಅಡಗಿರುವುದನ್ನು ಕಾಣಬೇಕು. ಕಾಯಕವಿಲ್ಲದೆ ಉಣ್ಣುವುದು ದೋಷವೆಂದಾದರೆ, ಹುಟ್ಟುಗುರುಡನಾದವನು, ಕೈಕಾಲುಗಳ ಸ್ವಾಧೀನವಿಲ್ಲದವನು, ಕಿವಿ ಕೇಳದವನು ಏನು ಮಾಡತಕ್ಕುದು? ಅವನಿಗೆ ಕಾಯಕದಿಂದ ವಿನಾಯಿತಿ ಕೊಡುವುದು ದಯೆಯೋ, ಅವನಿಗೆ ತಕ್ಕ ಕಾಯಕವನ್ನು ಹುಡುಕಿಕೊಡುವುದು ದಯೆಯೋ? ಈ ಎರಡು ದಯೆಗಳ ನಡುವಣ ಅಂತರವು ಸಣ್ಣದಲ್ಲ.

ಮೊದಲನೆಯ ದಯೆಗೆ ಶಾಸ್ತ್ರರೂಪವನ್ನು ಕೊಟ್ಟ ಗ್ರಂಥವೂ, ಎರಡನೆಯ ದಯೆಗೆ ಬೀಜರೂಪವಾದ ತತ್ತ್ವವೂ ಒಂದೇ ಪಟ್ಟಣದಲ್ಲಿ ನೂರು ವರ್ಷಗಳ ಒಳಗೆ ಹುಟ್ಟಿದವೆಂಬುದು ಇತಿಹಾಸದ ಒಂದು ವಿಚಿತ್ರ ಸಂಗತಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. ೧೦೭೬–೧೧೨೬) ಕಲ್ಯಾಣದಲ್ಲಿ ಆಳುತ್ತಿದ್ದಾಗ ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರನೆಂಬ ಮಹಾಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ವಂಗದೇಶವನ್ನುಳಿದು ಭರತಖಂಡದ ಬಹುಭಾಗದಲ್ಲಿ ದಾಯಭಾಗದ ನಿರ್ಣಯಕ್ಕೆ ಈ ಗ್ರಂಥವೇ ಪ್ರಮಾಣವಾಗಿ ನಿಂತಿತು. ಕನ್ನಡಿಗರು ಹೆಮ್ಮೆಪಡುವ ಗ್ರಂಥವೇ ಸರಿ. ಆದರೆ ಪಿತ್ರಾರ್ಜಿತದಲ್ಲಿ ಪಾಲಿಲ್ಲದವರನ್ನು ಎಣಿಸುವ ಪ್ರಕರಣದಲ್ಲಿ ಪತಿತನ ಜೊತೆಗೆ ಕುಂಟನೂ, ಕುರುಡನೂ, ಬುದ್ಧಿಭ್ರಮಣೆಯುಳ್ಳವನೂ, ವಾಸಿಯಾಗದ ರೋಗದಿಂದ ಪೀಡಿತನಾದವನೂ ಬರುತ್ತಾರೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಇದೇ ವಿಧಿ ಇರುವುದು. ಇವರಿಗೆ ಪಾಲು ಇಲ್ಲ. ಆದರೆ ಪಾಲು ಪಡೆದವರು ಇವರನ್ನು ಬದುಕಿರುವ ತನಕ ಅನ್ನವಸ್ತ್ರ ಕೊಟ್ಟು ಸಲಹತಕ್ಕುದು, ಸಲಹದಿದ್ದರೆ ಪಾಪ.

ವಿಜ್ಞಾನೇಶ್ವರನು ನಿರ್ದಯನಾಗಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ವಿಭಾಗವಾದ ಮೇಲೆ ದೋಷವುಂಟಾದರೆ ಪಾಲು ಹೋಗದೆಂದೂ, ಔಷಧೋಪಚಾರದಿಂದ ದೋಷವು ನೀಗಿದರೆ ಪಾಲು ಮರಳಿ ಬರುವುದೆಂದೂ, ದೋಷವಿಲ್ಲದ ಮಗನಿದ್ದರೆ ಅವನು ಪಾಲಿಗೆ ಅರ್ಹನೆಂದೂ ಅವನು ವ್ಯಾಖ್ಯಾನಿಸಿದನು. ಆದರೂ ಒಟ್ಟಿನ ಮೇಲೆ ಆ ಧರ್ಮಶಾಸ್ತ್ರವು ಕುರುಡನನ್ನು ಉಣ್ಣುವ ಬಾಯಿಯಾಗಿ ಕಂಡಿತೇ ಹೊರತು ದುಡಿಯುವ ಕೈಯಾಗಿ ಕಾಣಲಿಲ್ಲ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಈ ನಿಯಮವನ್ನು ಹುಟ್ಟುಗುರುಡರಿಗೆ ಮಾತ್ರ ಅನ್ವಯಿಸಿ ಸ್ವಲ್ಪ ಸಡಿಲಿಸಿದವು, ತೆಗೆದುಹಾಕಲಿಲ್ಲ. ಅದನ್ನು ತೆಗೆದುಹಾಕಿದುದು ೧೯೨೮ರ ಕಾಯಿದೆ. ಅಂದರೆ ೧೯ನೆಯ ಶತಮಾನದ ಕೊನೆಯಲ್ಲಿ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಣ್ಣಿಲ್ಲದ ಕೂಸು ಹುಟ್ಟಿದರೆ, ವ್ಯಾಜ್ಯವು ಕಚೇರಿಯ ಮೆಟ್ಟಿಲೇರಿದಾಗ ಆ ಕೂಸಿಗೆ ಹೊಲದಲ್ಲಿ ಹಕ್ಕಿಲ್ಲ, ಅಣ್ಣತಮ್ಮಂದಿರ ಪಂಕ್ತಿಯಲ್ಲಿ ಒಂದು ಎಲೆ ಮಾತ್ರ. ಅಂಥ ಕೂಸಿಗೆ ವೃತ್ತಿಯೊಂದು ದೊರೆಯುವುದೆಂದರೆ ಎಷ್ಟು ದೊಡ್ಡ ಮಾತೆಂಬುದನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು.

ಅದೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಬಸವಾದಿ ಪ್ರಮಥರು ಮನುಷ್ಯನ ಯೋಗ್ಯತೆಯನ್ನು ಅಳೆಯಲು ಬೇರೊಂದು ಕೋಲನ್ನು ಹಿಡಿದರು. ಹುಟ್ಟಿನಿಂದ ಬಂದ ದೋಷವು ದೋಷವಲ್ಲ, ನಡತೆಯಿಂದ ಬಂದ ದೋಷವೇ ದೋಷ ಎಂಬುದು ಅವರ ಮತ. ಕುಲದ ವಿಷಯದಲ್ಲಿ ಹೇಳಿದ ಈ ಮಾತು ದೇಹದ ವಿಷಯದಲ್ಲಿಯೂ ಸಲ್ಲದೆ ಹೋಗುವುದಿಲ್ಲ. ಇಷ್ಟಲಿಂಗವು ಕರಸ್ಥಲದಲ್ಲಿ ನಿಂತಿರುವುದು. ದೃಷ್ಟಿಯಿಂದ ನೋಡಲಾರದವನೂ ಅಂಗೈಯಿಂದ ಅದನ್ನು ಅರಿಯಬಲ್ಲನು. ದೂರದ ಗರ್ಭಗುಡಿಯ ಮೂರ್ತಿಯನ್ನು ಕಾಣಲು ಕಣ್ಣು ಬೇಕು, ಅಂಗೈಯ ಲಿಂಗಕ್ಕೆ ಆ ನಿರ್ಬಂಧವಿಲ್ಲ. ಇಷ್ಟಾದರೂ ತತ್ತ್ವದಲ್ಲಿದ್ದುದು ಸಂಸ್ಥೆಯಾಗಿ ರೂಪುಗೊಳ್ಳಲು ಏಳುನೂರು ವರ್ಷಗಳೇ ಹಿಡಿದವೆಂಬುದನ್ನು ಮುಚ್ಚಿಡುವ ಕಾರಣವಿಲ್ಲ. ಈ ನಡುವೆ ಮಠಗಳಲ್ಲಿ ಅಂಧರಿಗೂ ಅನಾಥರಿಗೂ ದಾಸೋಹದ ಪ್ರಸಾದವು ದೊರೆಯುತ್ತ ಬಂದಿತು; ಕಾಯಕವು ಅಷ್ಟು ಸುಲಭವಾಗಿ ದೊರೆಯಲಿಲ್ಲ.

ವಿದ್ಯಾಕ್ಷೇತ್ರದಲ್ಲಿ ಮಾತ್ರ ಒಂದು ಬಾಗಿಲು ಹಿಂದಿನಿಂದಲೂ ಅರ್ಧ ತೆರೆದಿದ್ದಿತು. ನಮ್ಮ ಪ್ರಾಚೀನ ವಿದ್ಯೆಯೆಲ್ಲ ಕರ್ಣಪರಂಪರೆಯಿಂದ ಬಂದುದು. ಸೂತ್ರವನ್ನು ಕಿವಿಯಿಂದ ಕೇಳಿ ಬಾಯಿಂದ ಒಪ್ಪಿಸುವ ಪಾಠಶಾಲೆಯಲ್ಲಿ ಕಣ್ಣಿನ ಕೆಲಸವು ಕಡಿಮೆ. ಆದುದರಿಂದಲೇ ದಯಾನಂದ ಸರಸ್ವತಿಗಳಿಗೆ ಮಥುರೆಯಲ್ಲಿ ಪಾಣಿನೀಯ ವ್ಯಾಕರಣವನ್ನು ಹೇಳಿಕೊಟ್ಟ ಸ್ವಾಮಿ ವಿರಜಾನಂದರು ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರಾಗಿದ್ದೂ ಮಹಾವೈಯಾಕರಣರೆನಿಸಿದರು. ಇಂಥವರನ್ನು 'ಪ್ರಜ್ಞಾಚಕ್ಷು'ಗಳೆಂದು ಕರೆಯುವ ರೂಢಿಯಿರುವುದು. ಸಂಗೀತದಲ್ಲಿಯೂ ಹೀಗೆಯೇ, ಕುಂಭಕೋಣದ ಶರಭಶಾಸ್ತ್ರಿಗಳು (೧೮೭೨–೧೯೦೪) ಅಂಧರಾಗಿದ್ದು ವೇಣುವಾದನವನ್ನು ಕಚೇರಿಯ ಪದವಿಗೇರಿಸಿದರು. ಆದರೆ ಇವರೆಲ್ಲ ಒಬ್ಬೊಬ್ಬರೇ ಬೆಳಗಿದ ದೀಪಗಳು. ಒಬ್ಬ ಅಂಧನು ಪಾರಾದ ದೋಣಿಯಲ್ಲಿ ನೂರು ಮಂದಿಯನ್ನು ಕುಳ್ಳಿರಿಸಬೇಕೆಂಬ ಯೋಚನೆಯು ಅಲ್ಲಿ ಕಾಣಬರುವುದಿಲ್ಲ.

ಆ ಯೋಚನೆಯು ಮೂಡಿದುದು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರಲ್ಲಿ (೧೮೬೭–೧೯೩೦). ಅಖಿಲ ಭಾರತ ವೀರಶೈವ ಮಹಾಸಭೆಯನ್ನು ೧೯೦೪ರಲ್ಲಿಯೂ, ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ೧೯೦೯ರಲ್ಲಿಯೂ ಸ್ಥಾಪಿಸಿದ ಈ ಮಹನೀಯರ ಕಾರ್ಯಗಳನ್ನು ಎಣಿಸುವಾಗ ಎರಡು ಕಣ್ಣಿಲ್ಲದ ಹುಡುಗರನ್ನು ಓದಿಗೆ ಹಚ್ಚಿದ ಸಂಗತಿಯು ಕೊನೆಯ ಸಾಲಿನಲ್ಲಿ ಬರುವುದುಂಟು. ಅದು ಮೊದಲ ಸಾಲಿಗೆ ಸಲ್ಲತಕ್ಕುದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಚರಂತಿಮಠದ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ ೧೮೯೨ನೆಯ ಫೆಬ್ರುವರಿ ೨ರಂದು ಜನಿಸಿದ ಶಿಶುವೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದವರು. ಅವರಿಗೂ ಅವರ ಸಹೋದರ ಗುರುಬಸವಯ್ಯನವರಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಇಬ್ಬರಿಗೂ ಕಂಠವಿದ್ದಿತು. ಹಾಡುವ ಕುರುಡ ಹುಡುಗರಿಗೆ ಆ ಕಾಲದ ಹಳ್ಳಿಯಲ್ಲಿ ಒಂದು ದಾರಿ ಸಿದ್ಧವಾಗಿಯೇ ಇದ್ದಿತು: ಏಕನಾದವನ್ನು ಹಿಡಿದು ಮನೆಮನೆಯ ಮುಂದೆ ತತ್ತ್ವಪದ ಹಾಡಿ ಜೋಳ ಬೇಡುವುದು. ಆ ದಾರಿಯಲ್ಲಿ ಅವಮಾನವಿದ್ದಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಹುಡುಗರಿಗೆ ಹೊಟ್ಟೆ ತುಂಬುತ್ತಿದ್ದಿತು, ನೀಡಿದವರಿಗೆ ಪುಣ್ಯ ಬರುತ್ತಿದ್ದಿತು.

ಕುಮಾರ ಮಹಾಸ್ವಾಮಿಗಳು ಆ ದಾರಿಯನ್ನು ಒಪ್ಪಲಿಲ್ಲ. ಅವರು ಮಾಡಿದ ನಿರ್ಣಯದ ಮಹತ್ತ್ವವು ಹುಡುಗರನ್ನು ಮಠಕ್ಕೆ ಕರೆದುಕೊಂಡು ಬಂದುದರಲ್ಲಿಲ್ಲ. ಅನಾಥರನ್ನು ಸಲಹಿದ ಮಠಗಳು ಬೇಕಾದಷ್ಟಿವೆ. ಕಣ್ಣಿಲ್ಲದವನಿಗೆ ಇಷ್ಟು ಸಾಕೆಂದು ಅರ್ಧವಿದ್ಯೆಯನ್ನು ಕೊಡದೆ, ಕಣ್ಣುಳ್ಳ ವಿದ್ವಾಂಸನಿಗೂ ಕಷ್ಟವಾದ ಪೂರ್ಣವಿದ್ಯೆಯನ್ನು ಕೊಡಿಸಬೇಕೆಂದು ಹಟಹಿಡಿದುದರಲ್ಲಿ ಅದರ ಮಹತ್ತ್ವವಿದೆ. ಪಂಚಾಕ್ಷರಿಯವರಿಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಅಷ್ಟಕ್ಕೆ ನಿಲ್ಲಿಸದೆ ಹಿಂದುಸ್ತಾನಿ ಪದ್ಧತಿಯನ್ನೂ ಕಲಿಸಬೇಕೆಂದಾಯಿತು. ನೀಲಕಂಠಬುವಾ ಅವರಲ್ಲಿಯೂ, ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಲ್ಲಿಯೂ ಅಭ್ಯಾಸವು ನಡೆಯಿತು. ಎರಡು ಪದ್ಧತಿಗಳಲ್ಲಿ ಒಂದನ್ನೇ ಸಾಧಿಸಲು ಆಯುಷ್ಯವೆಲ್ಲ ಸಾಲದೆನ್ನುವ ವಿದ್ಯೆಯಲ್ಲಿ ಎರಡನ್ನೂ ಹಾಡಬಲ್ಲವರಾಗಿ ಅವರು 'ಉಭಯಗಾನವಿಶಾರದ'ರೆನಿಸಿಕೊಂಡರು.

ವಹೀದ್ ಖಾನರ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಅವರಿಗೆ ಕಿವಿ ಮಂದವಾಗಿದ್ದಿತು. ಉತ್ತರದೇಶದ ಗವಾಯಿಗಳು ಅವರನ್ನು 'ಬಹರೇ ವಹೀದ್ ಖಾನ್', ಅಂದರೆ ಕಿವುಡ ವಹೀದ್ ಖಾನರೆಂದೇ ಕರೆಯುತ್ತಿದ್ದರು. ರಾಗದ ಒಂದೊಂದು ಸ್ವರವನ್ನು ಅತಿ ವಿಳಂಬದ ಲಯದಲ್ಲಿ ಬಿಡಿಸಿ ತೋರಿಸುವುದರಲ್ಲಿ ಅವರಿಗೆ ಸಮಾನರು ಕಡಿಮೆ. ಕಿವಿ ಮಂದವಾದವನು ಸಂಗೀತದ ಉಸ್ತಾದ, ಕಣ್ಣಿಲ್ಲದವನು ಶಿಷ್ಯ. ಗುರುವು ಮುಸಲ್ಮಾನ, ಶಿಷ್ಯನು ಜಂಗಮವಟು. ಇಂದ್ರಿಯಗಳ ಲೆಕ್ಕವನ್ನೇ ಹಿಡಿದು ವೃತ್ತಿಯನ್ನು ನಿರ್ಣಯಿಸುವವರು ಈ ಪಾಠದ ಕೋಣೆಯನ್ನು ಕಲ್ಪಿಸಿಕೊಂಡು ನೋಡಬೇಕು.

ಎರಡನೆಯ ನಿರ್ಣಯವು ಪಂಚಾಕ್ಷರ ಗವಾಯಿಗಳದು. ಇಷ್ಟು ವಿದ್ಯೆಯನ್ನು ಪಡೆದವರು ಯಾವುದಾದರೊಂದು ಸಂಸ್ಥಾನದ ಆಶ್ರಯವನ್ನು ಬಯಸಿದ್ದರೆ ಆಶ್ಚರ್ಯವಿರಲಿಲ್ಲ. ಅವರು ಆಜೀವ ಬ್ರಹ್ಮಚಾರಿಯಾಗಿ ನಿಂತು, ಅಂಧರನ್ನೂ ಅನಾಥರನ್ನೂ ಬಡ ಬಾಲಕರನ್ನೂ ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಆ ಪಾಠಶಾಲೆಗೆ ಬಹುಕಾಲ ನೆಲೆಯೇ ಇರಲಿಲ್ಲ. ಒಂದು ಊರಿನ ಭಕ್ತರು ಕೆಲವು ತಿಂಗಳು ಉಣಿಸುವರು. ಅಲ್ಲಿಂದ ಪೇಟಿ, ತಬಲಾ, ತಂಬೂರಿ, ಅಡಿಗೆಯ ಪಾತ್ರೆಗಳ ಸಹಿತವಾಗಿ ಮುಂದಿನ ಊರಿಗೆ ಸಾಗುವುದು. ಕಣ್ಣಿಲ್ಲದ ಮಕ್ಕಳ ಸಂಚಾರಿ ಪಾಠಶಾಲೆಯೆಂದರೆ ಎಷ್ಟು ತೊಂದರೆಯ ವ್ಯವಹಾರವೆಂಬುದನ್ನು ವಿವರಿಸಬೇಕಾದುದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಬಾವಿ ಎಲ್ಲಿ, ಹೊಸ್ತಿಲು ಎಷ್ಟು ಎತ್ತರ, ಮಲಗುವ ಜಾಗ ಯಾವುದು ಎಂಬುದನ್ನು ಮೊದಲಿನಿಂದ ಕಲಿಯಬೇಕು.

ಈ ಪರಿವಾರದ ಹೊಟ್ಟೆ ತುಂಬಿಸಲು ಗವಾಯಿಗಳು ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಸಂಘವನ್ನು ಕಟ್ಟಿದರು. ವಿರಕ್ತ ಪರಂಪರೆಯಲ್ಲಿ ಬೆಳೆದವರು ನಾಟಕದ ಕಂಪನಿಯನ್ನು ನಡೆಯಿಸುವುದೆಂದರೆ ಆಗಿನ ಮಡಿವಂತರಿಗೆ ಸರಿಕಾಣತಕ್ಕ ಮಾತಲ್ಲ. ಬಣ್ಣ ಹಚ್ಚುವ ವೃತ್ತಿಯನ್ನು ಹಗುರವಾಗಿ ಎಣಿಸುತ್ತಿದ್ದ ಕಾಲವದು. ಆದರೆ ಮುಂಬಯಿ ಕರ್ನಾಟಕದಲ್ಲಿ ಸಂಗೀತಗಾರನಿಗೆ ತಿಂಗಳ ಸಂಬಳ ದೊರೆಯುವ ಸ್ಥಳವು ಕಂಪನಿ ನಾಟಕವನ್ನು ಬಿಟ್ಟರೆ ಮತ್ತೊಂದಿರಲಿಲ್ಲ. ಒಂದು ನಾಟಕಕ್ಕೆ ಪೇಟಿ ಮಾಸ್ತರ ಬೇಕು, ತಬಲಜಿ ಬೇಕು, ಪಿಟೀಲು ನುಡಿಸುವವನು ಬೇಕು, ಪದಗಳಿಗೆ ಮಟ್ಟು ಕೂಡಿಸುವವನು ಬೇಕು. ಇವರಲ್ಲಿ ಯಾರಿಗೂ ಪ್ರೇಕ್ಷಕರ ಮುಖವನ್ನು ನೋಡುವ ಅವಶ್ಯಕತೆಯಿಲ್ಲ. ರಂಗದ ಮೇಲೆ ಕಣ್ಣುಳ್ಳವರು ಕುಣಿದರೆ, ರಂಗದ ಮುಂದಿನ ಕುಳಿಯಲ್ಲಿ ಕುಳಿತ ಅಂಧನ ಬೆರಳುಗಳೇ ಅವರನ್ನು ಕುಣಿಸುವವು. ಕಂಪನಿಯ ಆದಾಯವು ಮಳೆಗೆ, ಬೆಳೆಗೆ, ಜಾತ್ರೆಗೆ ಕಟ್ಟುಬಿದ್ದುದು. ಒಂದು ಕ್ಯಾಂಪಿನಲ್ಲಿ ಗಳಿಸಿದುದು ಮುಂದಿನ ಕ್ಯಾಂಪಿನಲ್ಲಿ ಕರಗುವುದು ನಾಟಕದ ಜನರಿಗೆ ತಿಳಿದ ಮಾತೇ. ಆದರೂ ಗವಾಯಿಗಳ ನಿರ್ಣಯವು ಸರಿಯಾಗಿದ್ದಿತೆಂದೇ ಹೇಳಬೇಕು. ಭಕ್ತರ ಜೋಳಿಗೆಯಿಂದ ಬರುವ ಧಾನ್ಯದ ಜೊತೆಗೆ ಮಕ್ಕಳ ದುಡಿಮೆಯಿಂದ ಬಂದ ಟಿಕೇಟಿನ ಹಣವೂ ಅದೇ ಒಲೆಯ ಮೇಲಿನ ಪಾತ್ರೆಗೆ ಬೀಳುತ್ತಿದ್ದಿತು. ಉಣ್ಣುವವನಿಗೆ ಆ ಎರಡರ ರುಚಿಯ ಭೇದವು ತಿಳಿಯದಿರುವುದಿಲ್ಲ.

ಪಾಠದ ಕ್ರಮವನ್ನು ಸ್ವಲ್ಪ ವಿವರಿಸುವುದು ಯುಕ್ತ. ಏಕೆಂದರೆ ಅಂಧನಿಗೆ ವಿದ್ಯೆಯು ದೇವರು ಕೊಟ್ಟ ವರದಂತೆ ತಾನಾಗಿ ಬರುವುದೆಂಬ ಭ್ರಮೆಯು ಭಕ್ತಜನರಲ್ಲಿಯೂ ಇರುವುದು. ಕಣ್ಣು ಹೋದವನಿಗೆ ಕಿವಿ ತಾನೇ ಚುರುಕಾಗುವುದೆಂದು ಹೇಳಿ ಸುಮ್ಮನಾದರೆ, ಹಗಲಿರುಳು ತಿದ್ದಿದ ಗುರುವಿನ ಶ್ರಮವನ್ನೂ, ತಪ್ಪಿ ತಪ್ಪಿ ಕಲಿತ ಹುಡುಗನ ಶ್ರಮವನ್ನೂ ಅಲ್ಲಗಳೆದಂತಾಗುವುದು. ಪೇಟಿಯಲ್ಲಿ ಕರಿಮನೆಗಳು ಎರಡು, ಮೂರು, ಮತ್ತೆ ಎರಡು, ಮೂರು ಎಂಬ ಗುಂಪುಗಳಾಗಿ ಬಿಳಿಮನೆಗಳಿಗಿಂತ ಎತ್ತರದಲ್ಲಿ ನಿಂತಿರುವುವು. ಹುಡುಗನ ಬೆರಳನ್ನು ಹಿಡಿದು ಆ ಗುಂಪುಗಳ ಮೇಲೆ ಆಡಿಸಿ ಮೊದಲು ಷಡ್ಜದ ಮನೆಯನ್ನು ಗುರುತು ಮಾಡಿಸುವರು. 'ಕರಿ ಎರಡು', 'ಬಿಳಿ ನಾಲ್ಕು' ಎಂದು ಶ್ರುತಿಗಳನ್ನು ಬಣ್ಣದಿಂದ ಹೆಸರಿಸುವುದು ಸಂಗೀತಗಾರರ ರೂಢಿ. ಬಣ್ಣವನ್ನೇ ಕಾಣದ ಮಕ್ಕಳು ಕರಿ ಬಿಳಿಯನ್ನು ಬೆರಳಿನ ತುದಿಯಿಂದ ಅರಿತು ಅದೇ ಹೆಸರುಗಳನ್ನು ಬಳಸುವರು. ತಬಲಾದ ಬೋಲುಗಳನ್ನು ಕೈಯಿಗೆ ತರುವ ಮೊದಲು ಬಾಯಿಂದ ಹೇಳಿಸುವರು; ಗುರುವು ಶಿಷ್ಯನ ಮಣಿಕಟ್ಟನ್ನು ಹಿಡಿದು ಅಂಗೈ ಎಷ್ಟು ಏಳಬೇಕು, ಬೆರಳು ಕರಣೆಯ ಮೇಲೆ ಎಲ್ಲಿ ಬೀಳಬೇಕು ಎಂಬುದನ್ನು ತಿದ್ದುವನು. ಬರೆದುಕೊಳ್ಳುವ ಅನುಕೂಲವಿಲ್ಲದ್ದರಿಂದ ಒಂದು ಚೀಜು ಮರೆತರೆ ಅದನ್ನು ಬಲ್ಲವರ ಬಾಯಿಂದಲೇ ಮರಳಿ ಪಡೆಯಬೇಕು. ಕಣ್ಣುಳ್ಳ ಶಿಷ್ಯನು ಗುರುವಿನ ಕೈಯನ್ನು ನೋಡಿ ಕಲಿಯುವುದನ್ನು ಅಂಧ ಶಿಷ್ಯನು ಮುಟ್ಟಿ ಕಲಿಯುತ್ತಾನೆ. ಕಾಲವು ಹೆಚ್ಚು ಬೇಕಾಗುವುದು.

ಈ ಪಾಠಶಾಲೆಯ ಇನ್ನೊಂದು ವಿಶೇಷವು ಅದು ಅಂಧರಿಗಷ್ಟೇ ಮೀಸಲಾಗಿ ಉಳಿಯದಿದ್ದುದು. ದೃಷ್ಟಿಯುಳ್ಳ ಬಡ ಹುಡುಗರೂ ಅದೇ ಪಂಕ್ತಿಯಲ್ಲಿ ಉಂಡು ಅದೇ ಗುರುವಿನ ಮುಂದೆ ಕುಳಿತರು. ಯಲಿವಾಳದ ಬಸವರಾಜ ರಾಜಗುರುಗಳು ಇವರಲ್ಲಿ ಅಗ್ರಗಣ್ಯರು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ೧೯೩೬ರಲ್ಲಿ ಹಂಪಿಯಲ್ಲಿ ನಡೆದಾಗ ಇನ್ನೂ ಇಪ್ಪತ್ತು ತುಂಬದ ಆ ತರುಣನು ಹಾಡಲು ಕುಳಿತನು; ತಬಲಾ ನುಡಿಸಲು ಪಕ್ಕದಲ್ಲಿ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು. ಗುರುವು ಶಿಷ್ಯನಿಗೆ ಸಾಥಿಯಾಗಿ ಕುಳಿತುದು ಅವರ ವಿನಯವನ್ನು ತೋರಿಸುವುದೆಂದು ಎಲ್ಲರೂ ಹೇಳುವರು. ಅದರಲ್ಲಿ ಮತ್ತೊಂದು ಸಂಗತಿಯೂ ಇದೆ. ಧರ್ಮಶಾಸ್ತ್ರವು ಯಾರನ್ನು ಕಣ್ಣುಳ್ಳವರು ಸಲಹತಕ್ಕುದೆಂದು ವಿಧಿಸಿತೋ ಅಂಥವನೊಬ್ಬನು ಕಣ್ಣುಳ್ಳವನನ್ನು ಸಲಹಿ, ಕಲಿಸಿ, ಲೋಕದ ಮುಂದೆ ನಿಲ್ಲಿಸಿದನು. ಸಿದ್ಧರಾಮ ಜಂಬಲದಿನ್ನಿಯವರು, ಅರ್ಜುನಸಾ ನಾಕೋಡರು ಮುಂತಾದವರೂ ಅದೇ ಪಾಠಶಾಲೆಯ ಫಲಗಳು.

ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಪಾಠಶಾಲೆಗೆ ಸ್ಥಿರವಾದ ನೆಲೆ ದೊರೆಯಿತು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರು ನಿಂತಿತು. ನೆಲೆ ದೊರೆತ ಮೇಲೆ ಗವಾಯಿಗಳು ಬಹುಕಾಲ ಬಾಳಲಿಲ್ಲ. ೧೯೪೪ನೆಯ ಜೂನ್ ೧೧ರಂದು ಲಿಂಗೈಕ್ಯರಾದರು.

ಅವರ ಗಾದಿಗೆ ಬಂದವರು ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲೂಕಿನವರೇ ಆದ ಇವರು ೧೯೧೪ನೆಯ ಮಾರ್ಚ್ ೩ರಂದು ದೇವಗಿರಿಯಲ್ಲಿ ಜನಿಸಿ, ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದು, ಬಾಲ್ಯದಲ್ಲಿಯೇ ಪಂಚಾಕ್ಷರ ಗವಾಯಿಗಳ ಪರಿವಾರವನ್ನು ಸೇರಿದರು. ಮೂವತ್ತರ ವಯಸ್ಸಿನಲ್ಲಿ ಆಶ್ರಮದ ಭಾರವನ್ನು ಹೊತ್ತು, ೨೦೧೦ನೆಯ ಸಪ್ಟೆಂಬರ ೧೭ರಂದು ಲಿಂಗೈಕ್ಯರಾಗುವವರೆಗೆ ಅರುವತ್ತಾರು ವರ್ಷ ಅದನ್ನು ಇಳಿಸಲಿಲ್ಲ. ಪೇಟಿ, ತಬಲಾ, ಪಿಟೀಲು, ಸಾರಂಗಿ, ಶಹನಾಯಿ ಮುಂತಾದ ವಾದ್ಯಗಳಲ್ಲಿ ಅವರಿಗಿದ್ದ ಪ್ರಭುತ್ವವನ್ನು ಭಕ್ತರು ಕಣ್ಣಾರೆ ಕಂಡಿರುವರು. ಕನ್ನಡ, ಹಿಂದಿ, ಸಂಸ್ಕೃತ ಈ ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. ಪುರಾಣಗಳನ್ನೂ ನಾಟಕಗಳನ್ನೂ ಬರೆದರು. ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನು ಸಿದ್ಧಗೊಳಿಸಿದರು. ೧೯೯೮ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ, ೨೦೧೦ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. ಭಕ್ತರು ಅನೇಕಾನೇಕ ಬಾರಿ ತುಲಾಭಾರ ಮಾಡಿದರು. ತಕ್ಕಡಿಯಲ್ಲಿ ಕುಳಿತವರು ಒಬ್ಬರೇ ಆದರೂ ತೂಗಿದ ದ್ರವ್ಯವು ಆಶ್ರಮದ ಮಕ್ಕಳ ಪಾಲಾಯಿತು. ದೃಷ್ಟಿಯುಳ್ಳ ಶಿಷ್ಯರಲ್ಲಿ ಎಂ. ವೆಂಕಟೇಶಕುಮಾರರು ಹನ್ನೆರಡು ವರ್ಷ ಇಲ್ಲಿ ಕಲಿತು ೨೦೧೬ರಲ್ಲಿ ಪದ್ಮಶ್ರೀಯನ್ನು ಪಡೆದರು.

ಪದವಿ ಪ್ರಶಸ್ತಿಗಳ ಹೆಸರನ್ನು ಹೇಳುವುದು ಸುಲಭ. ಆಶ್ರಮದ ನಿಜವಾದ ಫಲವನ್ನು ಹೆಸರಿಲ್ಲದವರಲ್ಲಿ ನೋಡಬೇಕು. ಶಾಲೆಯಲ್ಲಿ ಸಂಗೀತ ಮಾಸ್ತರನಾಗಿ ತಿಂಗಳ ಸಂಬಳ ಎಣಿಸಿದವನು, ಶ್ರಾವಣಮಾಸದಲ್ಲಿ ಊರ ಗುಡಿಯ ಪುರಾಣಕ್ಕೆ ಪೇಟಿ ನುಡಿಸಲು ಕರೆಯಿಸಿಕೊಂಡವನು, ಕೀರ್ತನಕಾರನಾಗಿ ಜಾತ್ರೆಯಿಂದ ಜಾತ್ರೆಗೆ ಹೋದವನು, ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಸರಳೆ ಹೇಳಿಕೊಟ್ಟು ಕುಟುಂಬವನ್ನು ಸಲಹಿದವನು. ಇಂಥವರು ಉತ್ತರ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಹರಡಿಕೊಂಡರು. ಊರವರು ಅಂಥವನನ್ನು 'ಕುರುಡ' ಎಂದು ಕರೆಯುವುದನ್ನು ಬಿಟ್ಟು 'ಗವಾಯಿಗಳು' ಎಂದು ಬಹುವಚನದಿಂದ ಕರೆದರು. ೧೯೫೦ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಪ್ರಾರಂಭವಾದ ಮೇಲೆ ಸಂಗೀತಗಾರರಿಗೆ ಮತ್ತೊಂದು ಬಾಗಿಲು ತೆರೆಯಿತು. ಹಾಡುವವನನ್ನು ಕೇಳುವವನು ಕಾಣಲಾರನು, ಕೇಳುವವನನ್ನು ಹಾಡುವವನೂ ಕಾಣಲಾರನು. ಕಣ್ಣಿನ ಹಂಗು ಅಲ್ಲಿ ಇಬ್ಬರಿಗೂ ಇಲ್ಲ.

ಇಷ್ಟು ಹೇಳಿದ ಮೇಲೆ, ಈ ಪರಂಪರೆಯ ಎಲ್ಲೆಯನ್ನೂ ಗುರುತಿಸುವುದು ಇತಿಹಾಸಕ್ಕೆ ಧರ್ಮ. ಕಣ್ಣಿಲ್ಲದವನಿಗೆ ಸಂಗೀತವೇ ಗತಿಯೆಂಬ ನಂಬಿಕೆಯು ಆಶ್ರಮದ ಯಶಸ್ಸಿನಿಂದಲೇ ನಾಡಿನಲ್ಲಿ ಗಟ್ಟಿಯಾಯಿತು. ಸ್ವರಜ್ಞಾನವಿಲ್ಲದ ಅಂಧ ಹುಡುಗನ ಪಾಡೇನು? ಕಂಠವಿದ್ದರೂ ಲೆಕ್ಕದಲ್ಲಿ ಅಭಿರುಚಿಯುಳ್ಳವನ ಪಾಡೇನು? ತಂದೆತಾಯಿಗಳು ಮಗನ ಒಲವನ್ನು ಕೇಳದೆಯೇ ಅವನ ಕೈಗೆ ಪೇಟಿಯನ್ನು ಕೊಟ್ಟ ಉದಾಹರಣೆಗಳು ಕಡಿಮೆಯಿರಲಾರವು. ಕುಮಾರ ಮಹಾಸ್ವಾಮಿಗಳು ಸಿದ್ಧವಾಗಿದ್ದ ಒಂದು ದಾರಿಯನ್ನು ಒಪ್ಪದೆ ಹೊಸ ದಾರಿಯನ್ನು ತೆಗೆದರು. ಆ ಹೊಸ ದಾರಿಯೇ ಕಾಲಕ್ರಮದಲ್ಲಿ ಸಿದ್ಧವಾದ ದಾರಿಯಾಗಿ ಬಿಟ್ಟರೆ ಅದು ಅವರ ನಿರ್ಣಯವನ್ನು ಅನುಸರಿಸಿದಂತಾಗುವುದಿಲ್ಲ. ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಮೇಲೆ ಹೇಳಿದ ಸಂಗೀತಗಾರರ ಹೆಸರುಗಳಲ್ಲಿ ಒಂದೂ ಹೆಣ್ಣಿನದಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು.

ಈ ಸಂಕೋಚವು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಅಂಧರಿಗಾಗಿ ಪ್ಯಾರಿಸ್ ಪಟ್ಟಣದಲ್ಲಿ ೧೮ನೆಯ ಶತಮಾನದ ಕೊನೆಯಲ್ಲಿ ತೆರೆದ ಶಾಲೆಯಲ್ಲಿಯೂ ಸಂಗೀತವೂ ಕೈಕಸಬೂ ಮುಖ್ಯ ಪಾಠಗಳಾಗಿದ್ದವು. ಬೆರಳಿನಿಂದ ಓದುವ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲನು (೧೮೦೯–೧೮೫೨) ಅಲ್ಲಿಯ ವಿದ್ಯಾರ್ಥಿ, ಅನಂತರ ಅಲ್ಲಿಯೇ ಉಪಾಧ್ಯಾಯ. ಪ್ಯಾರಿಸಿನ ಇಗರ್ಜಿಯಲ್ಲಿ ಆರ್ಗನ್ ವಾದ್ಯವನ್ನು ನುಡಿಸುವುದೂ ಅವನ ವೃತ್ತಿಯಾಗಿದ್ದಿತು. ಅದೇ ಶಾಲೆಯ ಕ್ಲೋದ್ ಮೊಂತಾಲ್ ಎಂಬ ಅಂಧನು ಹಳೆಯ ಪಿಯಾನೊ ಒಂದನ್ನು ಬಿಚ್ಚಿ ಕೂಡಿಸಿ, ಅದನ್ನು ಶ್ರುತಿಗೊಳಿಸುವ ಕಸಬನ್ನು ತಾನೇ ಕಲಿತನು. ಕುರುಡನ ಕೈಗೆ ಬೆಲೆಯುಳ್ಳ ವಾದ್ಯವನ್ನು ಕೊಡಲು ಜನರು ಮೊದಲು ಹೆದರಿದರು. ಕೊನೆಗೆ ಅವನು ೧೮೩೬ರಲ್ಲಿ ಆ ಕಸಬಿನ ಮೇಲೆ ಗ್ರಂಥವನ್ನೇ ಬರೆದು, ಸ್ವತಃ ಪಿಯಾನೊಗಳನ್ನು ತಯಾರಿಸುವ ಕಾರಖಾನೆಯ ಒಡೆಯನಾದನು. ಪಿಯಾನೊ ಶ್ರುತಿಗೊಳಿಸುವುದು ಆ ಮೇಲೆ ಯುರೋಪಿನ ಅಂಧರ ಗೊತ್ತಾದ ವೃತ್ತಿಯಾಯಿತು. ನಮ್ಮಲ್ಲಿ ಮೈಸೂರಿನಲ್ಲಿ ೧೯೦೧ರಲ್ಲಿಯೇ ಅಂಧರ ಮತ್ತು ಕಿವುಡರ ಶಾಲೆಯು ಪ್ರಾರಂಭವಾಯಿತು. ಆದರೆ ಓದುವ ಪುಸ್ತಕಗಳಿಗೆ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಒಂದೇ ಬ್ರೈಲ್ ಪದ್ಧತಿಯು ನಿರ್ಣಯವಾದುದು ೧೯೫೧ರಲ್ಲಿ. ಅಲ್ಲಿಯ ತನಕ ಪುಸ್ತಕದ ವಿದ್ಯೆಯಿಂದ ಬರುವ ವೃತ್ತಿಗಳು ಅಂಧರಿಗೆ ಬಹುಮಟ್ಟಿಗೆ ಮುಚ್ಚಿಯೇ ಇದ್ದವು.

ಮಿಕ್ಕ ಬಾಗಿಲುಗಳನ್ನು ತೆರೆದುದು ಕಾಯಿದೆ. ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಯಾವ ರೋಗದಿಂದಾಗಲಿ ಅಂಗದೋಷದಿಂದಾಗಲಿ ವಾರಸಿನ ಹಕ್ಕು ಹೋಗದೆಂದು ಸಾರಿ ಮಿತಾಕ್ಷರೆಯ ಆ ಪ್ರಕರಣಕ್ಕೆ ಮಂಗಳ ಹಾಡಿತು. ಕೇಂದ್ರ ಸರಕಾರವು ೧೯೭೭ರಲ್ಲಿ ಕೆಳದರ್ಜೆಯ ನೌಕರಿಗಳಲ್ಲಿ ನೂರಕ್ಕೆ ಮೂರು ಸ್ಥಾನಗಳನ್ನು ಅಂಗವಿಕಲರಿಗೆ ಕಾದಿರಿಸಿತು. ೧೯೯೫ರ ಕಾಯಿದೆಯು ಇದಕ್ಕೆ ಶಾಸನದ ಬಲವನ್ನು ಕೊಟ್ಟಿತು. ೨೦೧೬ರ ಕಾಯಿದೆಯು ಸ್ಥಾನಗಳನ್ನು ನಾಲ್ಕಕ್ಕೇರಿಸಿ, ಅಂಗವೈಕಲ್ಯದ ಪ್ರಕಾರಗಳನ್ನು ಇಪ್ಪತ್ತೊಂದೆಂದು ಎಣಿಸಿತು. ಇದರ ನಡುವೆ, ೧೯೯೩ರಲ್ಲಿ, ಅಂಧರು ಆಡಳಿತ ಸೇವೆಯ ಪರೀಕ್ಷೆಯನ್ನು ಬ್ರೈಲ್ ಲಿಪಿಯಲ್ಲಿ ಅಥವಾ ಲಿಪಿಕಾರನ ನೆರವಿನಿಂದ ಬರೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೨೦೨೫ನೆಯ ಮಾರ್ಚ್ ೩ರಂದು, ದೃಷ್ಟಿಯಿಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ನ್ಯಾಯಾಧೀಶ ಹುದ್ದೆಯಿಂದ ದೂರವಿಡಕೂಡದೆಂದು ಅದೇ ನ್ಯಾಯಾಲಯವು ಹೇಳಿತು. ಪುಟ್ಟರಾಜ ಗವಾಯಿಗಳ ಜನ್ಮದಿನವೂ ಮಾರ್ಚ್ ೩ ಎಂಬುದು ಆಕಸ್ಮಿಕವೇ ಸರಿ. ಗದುಗಿನ ಭಕ್ತರು ಅದನ್ನು ಆಕಸ್ಮಿಕವೆಂದು ಒಪ್ಪಲಿಕ್ಕಿಲ್ಲ. ಹಿಂದೆ ಹುಟ್ಟುಗುರುಡನಿಗೆ ಪಾಲಿಲ್ಲವೆಂದು ತೀರ್ಪು ಹೇಳುತ್ತಿದ್ದ ಪೀಠದ ಮೇಲೆಯೇ ಈಗ ಅವನು ಕುಳಿತುಕೊಳ್ಳಬಹುದಾಗಿದೆ.

ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದು. ಹೊಸ್ತಿಲವರೆಗೆ ಕರೆತರುವ ಕೆಲಸವು ಮನೆಯವರದೂ ಶಾಲೆಯವರದೂ ಮಠದವರದೂ ಆಗಿದೆ. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ಎರಡು ಕೋಟಿ ಅರವತ್ತೆಂಟು ಲಕ್ಷ ಅಂಗವಿಕಲರು ಎಣಿಕೆಗೆ ಸಿಕ್ಕಿದರು. ಕರ್ನಾಟಕದಲ್ಲಿ ಸುಮಾರು ಹದಿಮೂರು ಲಕ್ಷ. ದೇಶದ ಆ ಒಟ್ಟು ಜನರಲ್ಲಿ ದುಡಿಮೆಯುಳ್ಳವರು ನೂರಕ್ಕೆ ಮೂವತ್ತಾರು. ಗಂಡಸರಲ್ಲಿ ನೂರಕ್ಕೆ ನಲವತ್ತೇಳು ಮಂದಿಗೆ ದುಡಿಮೆಯಿದ್ದಿತು, ಹೆಂಗಸರಲ್ಲಿ ಇಪ್ಪತ್ತಮೂರು ಮಂದಿಗೆ. ಮಿಕ್ಕವರಲ್ಲಿ ಮಕ್ಕಳೂ ಮುದುಕರೂ ಇರುವರು, ನಿಜ. ಆದರೆ ದುಡಿಯುವ ವಯಸ್ಸಿನಲ್ಲಿದ್ದೂ ಅನ್ನವಸ್ತ್ರದ ಪಂಕ್ತಿಯಲ್ಲಿಯೇ ಕುಳಿತವರು ಅವರಲ್ಲಿ ಎಷ್ಟೋ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಕೆಲಸವಿಲ್ಲದಿರುವುದು ಕೈಯಲ್ಲಿ ಬಲವಿಲ್ಲದ್ದರಿಂದಲ್ಲ. ನಿನಗೆ ಏನಾಗಬೇಕೆಂದಿದೆ ಎಂದು ಬಾಲ್ಯದಲ್ಲಿ ಅವರನ್ನು ಯಾರೂ ಕೇಳದೆ ಹೋದುದರಿಂದ.